ಸೋತೆನೆಂದು ಹಾಡುವ ಹಕ್ಕು ಯಾರದು?

ಈ ಲೇಖನ ಪ್ರೇಮಗೀತೆಯನ್ನು ಕುರಿತದ್ದು. ಬಂಡಾಯದ ಪತ್ರಿಕೆಗೆ ಪ್ರೇಮಗೀತೆ ಯಾಕೆ ಅಂತ ಕೇಳುವವರು ಕೊನೇವರೆಗೂ ಓದಿ, ಆಮೇಲೆ ನಮ್ಮ ಜೊತೆ ಜಗಳ ಆಡಬಹುದು.

ಕೃಷ್ಣರಾಜಪೇಟೆಯ ಪಕ್ಕದ ಹೊಸಹೊಳಲಿನಲ್ಲಿ ಹೊಯ್ಸಳರ ಕಾಲದ, ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ಗುಡಿ ಇದೆ. ಮೂರು ಗರ್ಭಗುಡಿಗಳ ತ್ರಿಕೂಟ. ಅದರಲ್ಲೊಂದು ವೇಣುಗೋಪಾಲನದು. ಗೋಡೆಯ ಬುಡದ ಪಟ್ಟಿಕೆಗಳಲ್ಲಿ ಆನೆ, ಕುದುರೆ, ಬಳ್ಳಿ, ರಾಮಾಯಣ, ಮಹಾಭಾರತ ಒಂದರ ಮೇಲೊಂದು ಸುತ್ತುಹಾಕಿವೆ. ಕೊಳಲೂದುವ ದೇವರ ಪ್ರೇಮಕ್ಕೆ ಕಲ್ಲಿನ ಮನೆ ಸಿಕ್ಕಿತು. ಆ ಕಲ್ಲನ್ನು ಬಂಡೆಯಿಂದ ಎಬ್ಬಿಸಿ ಎಳೆದು ತಂದವರೂ ಯಾರನ್ನೋ ಪ್ರೀತಿಸಿರಬೇಕು, ಯಾರಿಗೋ ಕಾದಿರಬೇಕು, ಸೋತು ಅತ್ತಿರಬೇಕು. ಅದು ಯಾವ ಪಟ್ಟಿಕೆಯಲ್ಲೂ ಇಲ್ಲ. ನಾವು ಕೇಳುವ ಪ್ರಶ್ನೆ ಇಲ್ಲಿಂದಲೇ ಶುರು. ಎದೆ ಒಡೆದು ತೋರಿಸುವುದು, 'ನಿನ್ನ ಮುಂದೆ ನಾನು ಸೋತೆ' ಅಂತ ನಾಲ್ಕು ಜನ ಕೇಳುವಂತೆ ಹಾಡುವುದು ನಮ್ಮ ಸೀಮೆಯಲ್ಲಿ ಯಾರಿಗೆ ಸಾಧ್ಯವಾಯಿತು? ಯಾರಿಗೆ ಆಗಲಿಲ್ಲ?

ನಾವು ಅಂದರೆ ಈ ಸೀಮೆಯ ಕೇರಿಗಳಿಂದ ಮೊದಲ ಸಲ ಡಿಗ್ರಿ ಕಾಲೇಜಿನ ಮೆಟ್ಟಿಲು ಹತ್ತಿದವರು. ನಮ್ಮ ಮನೆಗಳಲ್ಲಿ ಪುಸ್ತಕ ಇರಲಿಲ್ಲ, ಹಾಡು ಇತ್ತು. ಮೊದಲು ಆ ಹಾಡಿನ ಮಾತು ಹೇಳಿ ಮುಂದೆ ಹೋಗುತ್ತೇವೆ.

ಕಾಲುವೆ ಬಯಲಿನ ಗದ್ದೆಗಳಲ್ಲಿ ನಾಟಿ ಹಾಕುತ್ತಿದ್ದವರು ನಮ್ಮ ಅಜ್ಜಿಯರು. ಒಬ್ಬಳು ಎತ್ತಿಕೊಟ್ಟರೆ ಸಾಲು ಸಾಲೇ ಸೊಲ್ಲು ಹೇಳುತ್ತಿತ್ತು. ತವರು, ಅಣ್ಣ, ಬಾರದ ಗಂಡ, ಸತ್ತ ಮಗು ಎಲ್ಲ ಆ ಹಾಡಿನೊಳಗೆ ಬರುತ್ತಿದ್ದವು. 'ಅವ್ವಾ, ಯಾವಾಗ್ಲೂ ಅಳೋ ಪದಾನೇ ಯಾಕೆ ಹೇಳ್ತಿದ್ರಿ?' ಅಂತ ಒಂದು ಸಲ ಕೇಳಿದೆವು. ಅಜ್ಜಿ ನಕ್ಕಳು. 'ಗದ್ದೇಲಿ ಬಗ್ಗಿದಾಗ ಮೊಕ ಯಾರ್ಗೂ ಕಾಣಾಕಿಲ್ಲ ಕಣ್ ಮಗ. ಅಳೋರೆಲ್ಲ ಅವಾಗ್ಲೇ ಅತ್ಕತಿದ್ದೊ. ಪದ ಹೇಳ್ತಿದ್ರೆ ಅಳ್ತಾವ್ಳೆ ಅಂತ ಯಾರ್ಗೂ ಗೊತ್ತಾಯ್ತಿರ್ನಿಲ್ಲ' ಅಂದಳು. ನಮಗೆ ಹಾಡಿನ ಚರಿತ್ರೆಯ ಮೊದಲ ಪಾಠ ಇದು. ನಮ್ಮವರಿಗೆ ಹಾಡು ಎದೆ ತೆರೆದು ತೋರಿಸುವ ಜಾಗ ಆಗಿರಲಿಲ್ಲ. ಅಳುವನ್ನು ಬಚ್ಚಿಟ್ಟುಕೊಳ್ಳುವ ಜಾಗ ಆಗಿತ್ತು.

ದೇವರಿಗೆ ಮಾತ್ರ ಈ ಕಟ್ಟುಪಾಡು ಇರಲಿಲ್ಲ. ಬಿಳಿಗಿರಿರಂಗ ಸೋಲಿಗರ ಕುಸುಮಾಲೆಗೆ ಮರುಳಾದ ಕಥೆಯನ್ನು ನೀಲಗಾರರು, ದೇವರ ಗುಡ್ಡರು ಹಾಡುವ ಈ ನಾಡಿನಲ್ಲಿ ಎಲ್ಲರೂ ಕೇಳಿ ಬಲ್ಲರು. ನಂಜನಗೂಡಿನ ನಂಜುಂಡನಿಗೂ ಬೆಟ್ಟದ ಚಾಮುಂಡಿಗೂ ಇದ್ದ ಕದ್ದ ಒಲವಿನ ಹಾಡೂ ಇದೆ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಸುಲ್ತಾನನ ಮಗಳು ಬೀಬಿ ನಾಚ್ಚಿಯಾರ್ ಚೆಲುವನಾರಾಯಣನ ಮೂರ್ತಿಯ ಹಿಂದೆಯೇ ಬಂದಳು, ಬಿಟ್ಟಿರಲಾರದೆ ಅವನ ಪಾದದಲ್ಲಿ ಸೇರಿದಳು ಅನ್ನುತ್ತದೆ ಐತಿಹ್ಯ. ಜಾತಿ ದಾಟಿದ ಪ್ರೀತಿ, ಮತ ದಾಟಿದ ಪ್ರೀತಿ ಎರಡಕ್ಕೂ ಆರತಿ ಎತ್ತುತ್ತಾರೆ. ಅದೇ ಕೆಲಸವನ್ನು ಹೊಲಗೇರಿಯ ಹುಡುಗ ಮಾಡಿದರೆ? ದೇವರು ದಾಟಿದ ಗೆರೆಯನ್ನು ಮನುಷ್ಯ ದಾಟಿದರೆ ಮಚ್ಚು ಎತ್ತುತ್ತಾರೆ.

ಇನ್ನು ಅಚ್ಚಾದ ಹಾಡಿನ ಕಡೆ ಬರೋಣ. ಹೊಸಗನ್ನಡದ ಭಾವಗೀತೆಯ ಚರಿತ್ರೆಗೂ ಈ ಸೀಮೆಗೂ ಹತ್ತಿರದ ನಂಟು. 1920ರ ದಶಕದಲ್ಲಿ 'ಇಂಗ್ಲಿಷ್ ಗೀತಗಳು' ಮೂಲಕ ಹೊಸ ಧಾಟಿ ತಂದ ಬಿ.ಎಂ. ಶ್ರೀಕಂಠಯ್ಯನವರ ಮನೆತನ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನದು. ಕೃಷ್ಣ ಬಿಟ್ಟುಹೋದ ಗೋಕುಲದ ಸಂಕಟವನ್ನು 'ಗೋಕುಲ ನಿರ್ಗಮನ' ಎಂಬ ಗೀತನಾಟಕವಾಗಿ ಬರೆದ ಪು.ತಿ. ನರಸಿಂಹಾಚಾರ್ ಮೇಲುಕೋಟೆಯವರು. ಇವರ ನಂತರ ಬಂದವರು ಕೆ.ಎಸ್. ನರಸಿಂಹಸ್ವಾಮಿ. ಹುಟ್ಟಿದ್ದು 1915ರ ಜನವರಿ 26ರಂದು, ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ. ಹೊಸಹೊಳಲಿನಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಹಾದಿ. 1942ರಲ್ಲಿ ಅವರ 'ಮೈಸೂರ ಮಲ್ಲಿಗೆ' ಅಚ್ಚಾಯಿತು. ಮೂವರೂ ದೊಡ್ಡವರು. ಮೂವರೂ ಬ್ರಾಹ್ಮಣ ಮನೆಗಳಿಂದ ಬಂದವರು. ಇದನ್ನು ಬೈಗುಳವಾಗಿ ಹೇಳುತ್ತಿಲ್ಲ. ಅಕ್ಷರ ಯಾರ ಮನೆಯಲ್ಲಿತ್ತೋ ಪ್ರೇಮಗೀತೆ ಮೊದಲು ಅವರ ಮನೆಯಲ್ಲೇ ಹುಟ್ಟಿತು ಅಂತ ಹೇಳುತ್ತಿದ್ದೇವೆ.

'ಮೈಸೂರ ಮಲ್ಲಿಗೆ' ಮಾಡಿದ ಕೆಲಸ ಸಣ್ಣದಲ್ಲ. ಅಲ್ಲಿಯವರೆಗೆ ಕನ್ನಡ ಗಂಡಸು ಕಾವ್ಯದಲ್ಲಿ ಯುದ್ಧ ಮಾಡುತ್ತಿದ್ದ, ಬೇಟೆ ಆಡುತ್ತಿದ್ದ, ವೈರಾಗ್ಯ ಹೊಂದುತ್ತಿದ್ದ. ಇಲ್ಲಿ ಒಬ್ಬ ಗಂಡ ಹೆಂಡತಿಯ ತವರಿಗೆ ಹೋಗಿ ಪೆಚ್ಚಾಗುತ್ತಾನೆ. ನಾದಿನಿಯರ ಕೈಯಲ್ಲಿ ಸಿಕ್ಕಿ ನಗೆಪಾಟಲಾಗುತ್ತಾನೆ. ಅವಳಿಲ್ಲದ ಮನೆ ಮನೆಯಲ್ಲ ಅಂತ ಒಪ್ಪಿಕೊಳ್ಳುತ್ತಾನೆ. ಬಡತನವನ್ನೂ ಮುಚ್ಚಿಡುವುದಿಲ್ಲ. ದೇಶದಲ್ಲಿ ಚಲೇಜಾವ್ ಚಳವಳಿಯ ಘೋಷಣೆ ಮೊಳಗುತ್ತಿದ್ದ ವರ್ಷದಲ್ಲಿ ಒಬ್ಬ ಕವಿ ಗಂಡಸಿನ ಸೋಲನ್ನು ಇಷ್ಟು ಮೆಲುದನಿಯಲ್ಲಿ ಹೇಳಿದರು. ಓದಿದವರು ಅದನ್ನು ಕೈಯಿಂದ ಕೈಗೆ ದಾಟಿಸಿದರು. ಮದುವೆಗೆ ಉಡುಗೊರೆಯಾಗಿ ಕೊಟ್ಟರು.

ಆದರೆ ನಾವು ಆ ಹಾಡುಗಳನ್ನು ಹಾಸ್ಟೆಲಿನಲ್ಲಿ ಕೂತು ಓದಿದಾಗ ನಮ್ಮ ಕಣ್ಣು ಬೇರೆ ಕಡೆ ಹೋಯಿತು. ಬಳೆಗಾರ ಚೆನ್ನಯ್ಯನ ಕಡೆ. ಅವನು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಒಳಗೆ ಬರಲು ಅಪ್ಪಣೆ ಕೇಳುತ್ತಾನೆ. ತವರಿಗೆ ಹೋದ ಹೆಂಡತಿಯ ಸುದ್ದಿಯನ್ನು ಗಂಡನಿಗೆ ಮುಟ್ಟಿಸುತ್ತಾನೆ. ಇನ್ನೊಬ್ಬರ ಒಲವನ್ನು ಊರಿಂದೂರಿಗೆ ಹೊತ್ತ ಮನುಷ್ಯ. ಚೆನ್ನಯ್ಯನಿಗೆ ಹೆಂಡತಿ ಇರಲಿಲ್ಲವೆ? ಅವಳೂ ತವರಿಗೆ ಹೋಗಿರಲಿಲ್ಲವೆ? ಅವಳ ಸುದ್ದಿ ತರುವವರು ಯಾರು? ಹಾಡು ಅದನ್ನು ಕೇಳುವುದಿಲ್ಲ.

ಇನ್ನೊಂದು ಹಾಡು, ರಾಯರು ಮಾವನ ಮನೆಗೆ ಬರುವುದು. ಎಲ್ಲ ಉಪಚಾರ ನಡೆಯುತ್ತದೆ, ಪದುಮ ಮಾತ್ರ ಕಾಣಿಸುವುದಿಲ್ಲ. ಅವಳು ತಿಂಗಳ ಮುಟ್ಟಿನಲ್ಲಿ ಹೊರಗೆ ಕೂತಿದ್ದಾಳೆ ಅಂತಲೇ ಓದುಗರು ಬಹಳ ಕಾಲದಿಂದ ಅರ್ಥ ಮಾಡುತ್ತ ಬಂದಿದ್ದಾರೆ. ತರಗತಿಯಲ್ಲಿ ಮೇಷ್ಟರು ಇದನ್ನು ವಿವರಿಸಿದಾಗ ಎಲ್ಲರೂ ನಕ್ಕರು. ನಮಗೂ ನಗು ಬಂತು. ರಾಯರ ಪೇಚಾಟ ಕಂಡರೆ ಯಾರಿಗೆ ನಗು ಬರುವುದಿಲ್ಲ? ಆಮೇಲೆ ಹಾಸ್ಟೆಲಿಗೆ ಬಂದು ಮಲಗಿದಾಗ ಯೋಚನೆ ಹತ್ತಿತು. ಮೂರು ದಿನ ಹೊರಗೆ ಕೂತವಳ ಅಗಲಿಕೆಗೆ ಒಂದು ನಾಡೇ ಮರುಗಿತು. ಜೀವಮಾನವೆಲ್ಲ ಹೊರಗೆ ಕೂತವರ ಅಗಲಿಕೆ ಯಾವ ಪುಸ್ತಕದಲ್ಲಿದೆ? ಕವಿ ಮೋಸ ಮಾಡಿದರು ಅಂತ ನಾವು ಹೇಳುವುದಿಲ್ಲ. ಅವರು ತಮ್ಮ ಮನೆಯನ್ನು ನಿಜವಾಗಿ ಬರೆದರು. ಆ ಮನೆಗೆ ಬಾಗಿಲಿತ್ತು, ಕೋಣೆಯಿತ್ತು, ಲಗ್ನವಾಗಿತ್ತು, ಎರಡೂ ಕಡೆಯ ಹಿರಿಯರ ಒಪ್ಪಿಗೆಯಿತ್ತು. ಅಂಥ ಮನೆಯೊಳಗೆ ಗಂಡಸು ಸೋತರೂ ಅವನಿಗೆ ಅಪಾಯವಿಲ್ಲ. ಸೋಲು ಅವನನ್ನು ಇನ್ನಷ್ಟು ಸೊಗಸುಗಾರನನ್ನಾಗಿ ಮಾಡುತ್ತದೆ.

ಪುಸ್ತಕದ ಹಾಡು ಕೇರಿಗೆ ಬಂದ ದಾರಿಯನ್ನೂ ನೋಡಬೇಕು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಿಂದ ಬಾನುಲಿ ಶುರುಮಾಡಿದರು. 'ಆಕಾಶವಾಣಿ' ಎಂಬ ಹೆಸರು ಅಲ್ಲಿಂದ ಬಂತು. ಪಿ. ಕಾಳಿಂಗರಾಯರು, ಆಮೇಲೆ ಮೈಸೂರು ಅನಂತಸ್ವಾಮಿ ಭಾವಗೀತೆಗೆ ಕಂಠ ಕೊಟ್ಟರು. 1980ರ ದಶಕದಲ್ಲಿ ಸಿ. ಅಶ್ವತ್ಥ್ ರಾಗ ಹಾಕಿದ 'ಮೈಸೂರ ಮಲ್ಲಿಗೆ' ಕ್ಯಾಸೆಟ್ ಆಗಿ ಹೊರಟಿತು. 1992ರಲ್ಲಿ ಟಿ.ಎಸ್. ನಾಗಾಭರಣ ಅದೇ ಹೆಸರಿನ ಸಿನಿಮಾ ತೆಗೆದರು, ನರಸಿಂಹಸ್ವಾಮಿಯವರಿಗೆ ಗೀತರಚನೆಯ ರಾಷ್ಟ್ರಪ್ರಶಸ್ತಿ ಬಂತು. ಪುಸ್ತಕ ಓದಲು ಅಕ್ಷರ ಬೇಕಿತ್ತು. ಕ್ಯಾಸೆಟ್ಟಿಗೆ ಕಿವಿ ಸಾಕಿತ್ತು. ಊರಿನ ಮದುವೆ ಚಪ್ಪರದ ಮೈಕಿನಲ್ಲಿ ಹಾಕಿದ ಹಾಡು ಊರಬಾಗಿಲಿಗೆ ನಿಲ್ಲಲಿಲ್ಲ, ಕೇರಿಗೂ ಬಂತು. ಗುಡಿಯೊಳಕ್ಕೆ ಬಿಟ್ಟುಕೊಳ್ಳದವರೂ ಹಾಡನ್ನು ತಡೆಯಲಾರರು. ನಮ್ಮಪ್ಪಂದಿರು ಕಿಕ್ಕೇರಿಯ ಕವಿಯ ಸಾಲುಗಳನ್ನು ಗುನುಗಿದ್ದು ಹೀಗೆ. ಯಾರು ಬರೆದದ್ದು ಅಂತ ಅವರಿಗೆ ಗೊತ್ತಿರಲಿಲ್ಲ.

ಸಿನಿಮಾ ಹಾಡು ಇದಕ್ಕಿಂತ ದೊಡ್ಡ ಮೈಕು. ಕನ್ನಡ ಸಿನಿಮಾದಲ್ಲಿ ಗಂಡಸಿನ ಅಳುವಿಗೆ ಒಂದು ಚರಿತ್ರೆ ಇದೆ. ಪಿ.ಬಿ. ಶ್ರೀನಿವಾಸ್ ಅವರ ಮೆತ್ತನೆಯ ದನಿ ರಾಜಕುಮಾರ್ ಅವರಂಥ ಗಟ್ಟಿ ಆಳಿನ ಬಾಯಲ್ಲಿ ಬಂದಾಗ ಹಳ್ಳಿಯ ಗಂಡಸರಿಗೂ ಮೆತ್ತಗಾಗಲು ಧೈರ್ಯ ಬಂತು. 1972ರ 'ನಾಗರಹಾವು' ಚಿತ್ರದ ಒರಟ ರಾಮಾಚಾರಿಯ ಪ್ರೀತಿಗೆ ಮೊದಲು ಜಾತಿ, ಆಮೇಲೆ ಮತ ಅಡ್ಡ ನಿಂತವು. 1974ರ 'ಎರಡು ಕನಸು' ಚಿತ್ರದಲ್ಲಿ ಮದುವೆಯಾದ ಮೇಲೂ ಹಳೆಯ ಒಲವಿಗೆ ಕೊರಗುವ ಗಂಡಸು ಬಂದ. 1987ರ 'ಪ್ರೇಮಲೋಕ'ದಲ್ಲಿ ಹಂಸಲೇಖ ಬೀದಿಯ ಮಾತನ್ನೇ ಪ್ರೇಮದ ಮಾತು ಮಾಡಿದರು, ಕಾಲೇಜು ಹುಡುಗರ ಭಾಷೆ ಬದಲಾಯಿತು. 2006ರ ಕೊನೆಗೆ ಬಂದ 'ಮುಂಗಾರು ಮಳೆ'ಯಲ್ಲಿ ನಾಯಕ ಪ್ರೀತಿಸಿದವಳನ್ನು ತಾನೇ ಇನ್ನೊಬ್ಬನ ಜೊತೆ ಮದುವೆಗೆ ಬಿಟ್ಟುಕೊಡುತ್ತಾನೆ. ಸೋತವನೇ ನಾಯಕ. ಆಗ ನಾವು ಶಾಲೆಯ ಹುಡುಗರು. ಮೊಬೈಲಿನ ಮೆಮೊರಿ ಕಾರ್ಡಿನಲ್ಲಿ ಆ ಹಾಡುಗಳೇ ತುಂಬಿದ್ದವು.

ಈ ಹಾಡುಗಳಲ್ಲಿ ಎರಡು ಕೊರತೆ ಇದೆ. ಮೊದಲನೆಯದು ಹೆಣ್ಣಿನದು. ಗಂಡು ಅಳುತ್ತಾನೆ, ಹೆಣ್ಣನ್ನು ಹೊಗಳುತ್ತಾನೆ, ಕೊನೆಗೆ ದೂರುತ್ತಾನೆ. ಅವಳ ಸೋಲು ಏನು ಅಂತ ಅವಳನ್ನು ಕೇಳಿದವರು ಕಡಿಮೆ. ಎಸ್. ಜಾನಕಿ ಹಾಡಿದಾಗಲೂ ಮಾತು ಬರೆದು ಕೊಟ್ಟವರು ಬಹುಪಾಲು ಗಂಡಸರೇ. ಗಂಡಸಿನ ಅಳುವೂ ಕೆಲವು ಸಲ ಬೆದರಿಕೆ ಆಗುತ್ತದೆ. 'ನೀನು ಒಪ್ಪದಿದ್ದರೆ ಸಾಯುತ್ತೇನೆ' ಅನ್ನುವ ಹಾಡು ಎದೆ ತೆರೆದದ್ದಲ್ಲ, ಕೊರಳಪಟ್ಟಿ ಹಿಡಿದದ್ದು. ಇದನ್ನು ನಮ್ಮ ಕೇರಿಯ ಹುಡುಗರಿಗೂ ಹೇಳಬೇಕು.

ಎರಡನೆಯದು ಜಾತಿಯದು. ಸಿನಿಮಾದ ಬಡವ ನಾಯಕನಿಗೆ ಬಡತನ ಇರುತ್ತದೆ, ಕೇರಿ ಇರುವುದಿಲ್ಲ. ಅಡ್ಡ ನಿಲ್ಲುವುದು ಅವಳಪ್ಪನ ಹಣ ಅಥವಾ ಅಂತಸ್ತು. 1996ರಲ್ಲಿ ನಾಗಾಭರಣ ಅವರೇ ಗುಜರಾತಿಯ ಪನ್ನಾಲಾಲ್ ಪಟೇಲರ ಕಾದಂಬರಿ ಆಧರಿಸಿ 'ಜನುಮದ ಜೋಡಿ' ಮಾಡಿದಾಗ ಜಾತಿ ನೇರವಾಗಿ ನಡುವೆ ಬಂದು ನಿಂತಿತು. ನಮ್ಮ ಹಳ್ಳಿಗಳ ಜನ ಕಿಕ್ಕಿರಿದು ನೋಡಿದರು. ತಮ್ಮ ಊರಿನಲ್ಲೇ ಆದದ್ದು ಅಂತ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಂಥ ಚಿತ್ರಗಳು ಬೆರಳೆಣಿಕೆಯಷ್ಟೇ.

ಇದು ಹಾಡಿನವರ ಮರೆವು ಮಾತ್ರ ಅಲ್ಲ. 1916ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೈದು ವರ್ಷದ ಅಂಬೇಡ್ಕರ್ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದರು. ಜಾತಿ ನಿಂತಿರುವುದು ಒಳಮದುವೆಯ ಕಟ್ಟಿನ ಮೇಲೆ ಎಂದರು. 1936ರ 'ಜಾತಿ ವಿನಾಶ'ದಲ್ಲಿ ಅಂತರ್ಜಾತಿ ಮದುವೆಯೇ ನಿಜವಾದ ಮದ್ದು ಎಂದರು. ಹಾಗಾದರೆ ಯಾರು ಯಾರನ್ನು ಪ್ರೀತಿಸಬೇಕು ಅನ್ನುವುದೇ ಜಾತಿಯ ಬುಡ. ಹೊಲದ ಕೂಲಿ ಕೇಳಿದರೆ ಬೈಯುವ ಊರು ಹೆಣ್ಣಿನ ಕಣ್ಣು ಕೇರಿಯ ಕಡೆ ತಿರುಗಿದರೆ ಕೊಲ್ಲಲು ಏಳುವುದು ಯಾಕೆ ಅಂತ ಈಗ ತಿಳಿಯುತ್ತದೆ. ಕಲ್ಯಾಣದಲ್ಲಿ ಹರಳಯ್ಯ ಮಧುವರಸರ ಮಕ್ಕಳಿಗೆ ಮದುವೆ ಮಾಡಿದ್ದಕ್ಕೆ ಹಿರಿಯರನ್ನು ಎಳೆಹೂಟೆಗೆ ಕಟ್ಟಿದರು ಅನ್ನುತ್ತದೆ ಶರಣರ ಪರಂಪರೆ. ಅದು ಹನ್ನೆರಡನೆಯ ಶತಮಾನ. 2011ರಲ್ಲಿ ನಮ್ಮ ಮಂಡ್ಯ ಜಿಲ್ಲೆಯದೇ ಮದ್ದೂರು ತಾಲ್ಲೂಕಿನ ಆಬಲವಾಡಿಯಲ್ಲಿ, ದಲಿತ ಹುಡುಗನನ್ನು ಪ್ರೀತಿಸಿದ ಹುಡುಗಿಯನ್ನು ಮನೆಯವರೇ ಕೊಂದರೆಂಬ ಪ್ರಕರಣ ನಾಡಿನ ಪತ್ರಿಕೆಗಳಲ್ಲೆಲ್ಲ ಬಂತು. 2018ರ ಮಾರ್ಚಿನಲ್ಲಿ ಶಕ್ತಿವಾಹಿನಿ ಪ್ರಕರಣದ ತೀರ್ಪು ಕೊಟ್ಟ ಸುಪ್ರೀಂ ಕೋರ್ಟು, ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಮದುವೆಯಾಗಲು ಮನೆಯ, ಕುಲದ, ಪಂಚಾಯ್ತಿಯ ಒಪ್ಪಿಗೆ ಬೇಕಿಲ್ಲ ಎಂದಿತು. ಕೋರ್ಟಿನ ಮಾತು ಕಾಗದದಲ್ಲಿದೆ. ಊರಿನ ಮಾತು ಅರಳಿಕಟ್ಟೆಯಲ್ಲಿದೆ.

ಆದ್ದರಿಂದ ಮೆತ್ತನೆಯ ಎದೆ ಎಲ್ಲರಿಗೂ ಒಂದೇ ಅಲ್ಲ. ಮಾವನ ಮನೆಯಲ್ಲಿ ರಾಯರು ಸೋತರೆ ನಗು ಸಿಗುತ್ತದೆ. ಸಿನಿಮಾದ ಹುಡುಗ ಸೋತರೆ ಚಪ್ಪಾಳೆ ಸಿಗುತ್ತದೆ. ಕೇರಿಯ ಹುಡುಗ 'ಸೋತೆ' ಅಂತ ಬಾಯಿ ಬಿಟ್ಟರೆ ಅವನ ಮನೆಗೆ ಬೆಂಕಿ ಬೀಳಬಹುದು, ಅವಳ ಹೆಣ ಬೀಳಬಹುದು. ಅವನು ಗಟ್ಟಿಗ ಅಂತಲ್ಲ ಅವನು ಅಳದಿರುವುದು. ಅಳು ಸಾಕ್ಷಿಯಾಗುತ್ತದೆ ಅಂತ. ಶಿವರಾಮ ಕಾರಂತರ 'ಚೋಮನ ದುಡಿ'ಯ ಚೋಮನೂ ತನ್ನ ಸಂಕಟವನ್ನೆಲ್ಲ ಮಾತಿಗೆ ಕೊಡದೆ ದುಡಿಗೆ ಕೊಟ್ಟ. ನಮ್ಮ ಕೇರಿಗಳಲ್ಲಿ ತಮಟೆ ಅಷ್ಟು ಜೋರಾಗಿ ಕೇಳುವುದಕ್ಕೆ ಅದೂ ಒಂದು ಕಾರಣ ಇರಬೇಕು.

ಈಗ ನಮ್ಮ ಮನೆಯೊಳಗಿನ ಮಾತು. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಎಂದಾಗ ಗಲಭೆಯೆದ್ದಿತು, ಅವರು ಮಂತ್ರಿ ಪದವಿ ಬಿಡಬೇಕಾಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು. ಆ ಏಟಿನಿಂದ ಒಂದು ಚಳವಳಿಯೇ ಎದ್ದಿತು. 1975ರಲ್ಲಿ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿತು. ಆ ಸಿಟ್ಟು ಇಲ್ಲದಿದ್ದರೆ ನಾವು ಈ ಪುಟದಲ್ಲಿ ಬರೆಯುತ್ತಿರಲಿಲ್ಲ. ಆದರೆ ಆ ಸಿಟ್ಟಿನ ಭರದಲ್ಲಿ ನಮ್ಮವರಲ್ಲಿ ಒಂದು ತಪ್ಪು ತಿಳಿವಳಿಕೆಯೂ ಬೆಳೆಯಿತು. ಪ್ರೇಮಗೀತೆ ಹೊಟ್ಟೆ ತುಂಬಿದವರದು, ಹೋರಾಟಗಾರ ಮೆತ್ತಗಾಗಬಾರದು, ಅಳುವವನು ಅರ್ಧ ಸೋತವನು ಅಂತ. ಸಭೆಗಳಲ್ಲಿ ಪ್ರೇಮದ ಪದ್ಯ ಓದಲು ನಾವೂ ನಾಚಿಕೊಂಡವರೇ. ಹಾಳೆ ಮಡಚಿ ಜೇಬಿಗಿಟ್ಟು, ಕ್ರಾಂತಿಯ ಪದ್ಯ ಓದಿ ಇಳಿದವರೇ.

ಮರೆತದ್ದು ಏನೆಂದರೆ, ಅದೇ ಸಿದ್ಧಲಿಂಗಯ್ಯನವರು ಪ್ರೇಮಗೀತೆಯನ್ನೂ ಬರೆದರು. 1983ರಲ್ಲಿ ಪುಟ್ಟಣ್ಣ ಕಣಗಾಲರ 'ಧರಣಿ ಮಂಡಲ ಮಧ್ಯದೊಳಗೆ' ಚಿತ್ರಕ್ಕೆ ಗೆಳತಿಯನ್ನು ಕರೆಯುವ ಅವರ ಹಾಡು ಬಂತು. 1993ರ 'ಬಾ ನಲ್ಲೆ ಮಧುಚಂದ್ರಕೆ' ಚಿತ್ರದಲ್ಲಿ ಬೆಟ್ಟ ಬೆಳದಿಂಗಳ ಹಾಡು ಬಂತು. ನಾಡಿನ ಹುಡುಗ ಹುಡುಗಿಯರು ಜಾತಿ ನೋಡದೆ ಹಾಡಿಕೊಂಡರು. ಮೇಲ್ಜಾತಿಯ ಎಷ್ಟೋ ಮನೆಗಳ ಪಡಸಾಲೆಯಲ್ಲಿ ಕೇರಿಯ ಕವಿಯ ಒಲವು ಮೊಳಗಿತು, ಆ ಮನೆಯವರಿಗೆ ಗೊತ್ತೇ ಆಗದಂತೆ. ನಮ್ಮಪ್ಪಂದಿರು ಕಿಕ್ಕೇರಿಯ ಕವಿಯನ್ನು ಹೆಸರು ತಿಳಿಯದೆ ಗುನುಗಿದ ಹಾಗೆಯೇ. ಬೆಂಕಿಯ ಹಾಡು ಬರೆದ ಕೈಯೇ ಬೆಳದಿಂಗಳ ಹಾಡು ಬರೆಯಿತು. ಅದನ್ನು ಕೆಲವರು ಸಿನಿಮಾಕ್ಕೆ ಹೋದ ಕವಿಯ ಜಾರುವಿಕೆ ಎಂದರು. ನಮಗೆ ಹಾಗನ್ನಿಸುವುದಿಲ್ಲ. ನಮ್ಮನ್ನು ಶತಮಾನಗಳ ಕಾಲ ದುಡಿಯುವ ಮೈ ಅಂತ ಮಾತ್ರ ನೋಡಿದವರಿಗೆ, ಈ ಮೈಯೊಳಗೆ ಒಂದು ಎದೆ ಇದೆ, ಅದು ಸೋಲುತ್ತದೆ, ಕಾಯುತ್ತದೆ, ಅಂತ ಹೇಳುವುದು ಹೋರಾಟ ಅಲ್ಲದೆ ಇನ್ನೇನು?

ನಮ್ಮ ಕಡೆಯ ಒಂದು ಕೇರಿಯಲ್ಲಿ ಒಬ್ಬ ಅಣ್ಣ ಇದ್ದ. ಟ್ರ್ಯಾಕ್ಟರ್ ಓಡಿಸುತ್ತಿದ್ದ. ಒಂದು ವರ್ಷ ಒಂದೇ ಹಾಡನ್ನು ಮೊಬೈಲಿನಲ್ಲಿ ಹಾಕಿಕೊಂಡು ಕೇಳಿದ. 'ಏನ್ಲಾ ಆಯ್ತು ನಿಂಗೆ?' ಅಂತ ಅವ್ವ ಕೇಳಿದರೆ 'ಏನಿಲ್ಲ ಕಣವ್ವ' ಅಂತಿದ್ದ. ಊರಿನೊಳಗಿನ ಹುಡುಗಿ. ಅವಳ ಮದುವೆಯ ವಾರದಲ್ಲಿ ಬೆಂಗಳೂರಿಗೆ ಹೋಗಿಬಿಟ್ಟ. ಅವನು ಕೇಳುತ್ತಿದ್ದ ಹಾಡಿನಲ್ಲಿ ಮಳೆ ಇತ್ತು, ಮೋಡ ಇತ್ತು. ಅವನ ಕೇರಿ ಇರಲಿಲ್ಲ, ಅವನ ಹೆದರಿಕೆ ಇರಲಿಲ್ಲ. ಆದರೂ ಅವನಿಗೆ ಅತ್ತುಕೊಳ್ಳಲು ಸಿಕ್ಕಿದ್ದು ಅದೊಂದೇ. ಅಜ್ಜಿಗೆ ನಾಟಿ ಪದ ಇದ್ದ ಹಾಗೆ.

ಮೊನ್ನೆ ಹಬ್ಬಕ್ಕೆ ಬಂದಿದ್ದ. ಈ ಲೇಖನದ ಮಾತು ಹೇಳಿದೆವು. ಸುಮ್ಮನೆ ಕೇಳಿಸಿಕೊಂಡ. 'ನಂದೂ ಒಂದು ಪದ ಬರಿ' ಅಂದ. ಸ್ವಲ್ಪ ಹೊತ್ತು ಬಿಟ್ಟು, 'ಊರ ಹೆಸರು ಮಾತ್ರ ಹಾಕ್ಬ್ಯಾಡ ಕಣ್ಲ. ಅವ್ಳು ಇನ್ನೂ ಅಲ್ಲಿಗೆ ಬಂದು ಹೋಗ್ಬೇಕು' ಅಂದ.

ಪದ ಬರೆಯುತ್ತೇವೆ. ಊರ ಹೆಸರು ಹಾಕಿಲ್ಲ. ಊರ ಹೆಸರು ಹಾಕಿ ಪ್ರೇಮಗೀತೆ ಬರೆಯುವ ದಿನ ಬರುವವರೆಗೆ ನಮ್ಮ ಚಳವಳಿಯ ಕೆಲಸ ಮುಗಿಯಲಿಲ್ಲ ಅಂತಲೇ ಲೆಕ್ಕ.